15 ಎಚ್‌ಪಿ ಕೇಳಿದ್ದರು, 15 ಎಚ್‌ಪಿ ಬಂತು: ಒಂದು ಪಂಪ್‌ಸೆಟ್ ಟೆಂಡರ್‌ನ ಪ್ರಕರಣ ಅಧ್ಯಯನ

"15 ಎಚ್‌ಪಿ ಸಬ್‌ಮರ್ಸಿಬಲ್ ಪಂಪ್‌ಸೆಟ್, ಐಎಸ್‌ಐ ಮಾರ್ಕ್ ಇರುವಂಥದ್ದು, ಉತ್ತಮ ಗುಣಮಟ್ಟದ್ದು, ಹೆಸರಾಂತ ಕಂಪನಿಯದು."

ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಕುಡಿಯುವ ನೀರಿನ ಬೋರ್‌ವೆಲ್‌ಗಳಿಗೆ ಪಂಪ್ ಕೊಳ್ಳುವ ಟೆಂಡರ್‌ನಲ್ಲಿ ಇದ್ದ ಸ್ಪೆಸಿಫಿಕೇಶನ್ ಇಷ್ಟೇ. ಟೆಂಡರ್ ದಾಖಲೆ ಹತ್ತಾರು ಪುಟ ಇತ್ತು. ಇಎಂಡಿ (ಬಿಡ್ ಹಾಕುವವರು ಇಡುವ ಠೇವಣಿ) ಎಷ್ಟು, ಹಿಂದಿನ ವರ್ಷಗಳ ವಹಿವಾಟು ಎಷ್ಟಿರಬೇಕು, ತಡವಾದರೆ ದಂಡ ಎಷ್ಟು, ಎಲ್ಲಾ ವಿವರವಾಗಿ ಬರೆದಿದ್ದರು. ಕೊಳ್ಳುವ ವಸ್ತುವಿನ ಬಗ್ಗೆ ಮಾತ್ರ ಒಂದು ಸಾಲು. ಆ ಒಂದು ಸಾಲಿನಿಂದ ಏನೇನಾಯಿತು, ಅದನ್ನು ಸರಿಪಡಿಸಲು ಮೊದಲು ಏನು ಮಾಡಿ ಕೆಟ್ಟರು, ಆಮೇಲೆ ಹೇಗೆ ದಾರಿಗೆ ಬಂತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊಸ ದಾಖಲೆ ಬರೆಯಲು ಸಹಾಯಕ್ಕೆ ಸೇರಿಸಿಕೊಂಡಿದ್ದ ತಾಂತ್ರಿಕ ತಂಡದಲ್ಲಿ ನಾನಿದ್ದೆ. ತಾಲ್ಲೂಕು, ಕಚೇರಿ, ಕಂಪನಿ, ವರ್ಷ ಯಾವುದನ್ನೂ ಹೇಳುವುದಿಲ್ಲ. ಹಳ್ಳಿಯ ಗುರುತು ಸಿಗುವಂಥ ವಿವರಗಳನ್ನೂ ಬಿಟ್ಟಿದ್ದೇನೆ. ಪಂಪಿನ ಲೆಕ್ಕಗಳು ಯಾರು ಬೇಕಾದರೂ ಮಾಡಿ ನೋಡಬಹುದಾದವು.

ಹಿನ್ನೆಲೆ

ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಪಾಲಾರ್, ಪಿನಾಕಿನಿ, ಚಿತ್ರಾವತಿ ಎಲ್ಲಾ ನಂದಿ ಬೆಟ್ಟದ ಸುತ್ತಮುತ್ತಲೇ ಹುಟ್ಟುತ್ತವೆ, ಆದರೆ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನಿಂದ ಸಂಸ್ಕರಿಸಿದ ನೀರು ಕೆಲವು ಕೆರೆಗಳಿಗೆ ಬರುತ್ತಿದೆ, ಅದು ಅಂತರ್ಜಲಕ್ಕೆ. ಹಳ್ಳಿಯ ಓವರ್‌ಹೆಡ್ ಟ್ಯಾಂಕಿಗೆ ನೀರು ಏರಬೇಕಾದರೆ ಬೋರೇ ಗತಿ. ಆ ಬೋರುಗಳು ಸಾವಿರ ಅಡಿ ದಾಟಿವೆ.

ಫೆಬ್ರವರಿ ಬಂತೆಂದರೆ ಕಚೇರಿಯಲ್ಲಿ ಫೋನ್ ಶುರು. ಮೋಟರ್ ಸುಟ್ಟಿದೆ, ಕೇಬಲ್ ಹೋಗಿದೆ, ಪಂಪ್ ಒಳಗೆ ಸಿಕ್ಕಿಕೊಂಡಿದೆ. ಹಾಗಾಗಿ ವರ್ಷಕ್ಕೊಂದು ಸಲ ಪಂಪ್‌ಸೆಟ್, ಕೇಬಲ್, ಪೈಪ್, ಪ್ಯಾನಲ್ ಬೋರ್ಡ್‌ಗೆ ಟೆಂಡರ್ ಕರೆದು ದರ ನಿಗದಿ ಮಾಡಿಟ್ಟುಕೊಳ್ಳುತ್ತಾರೆ. ರಾಜ್ಯದ ಸರ್ಕಾರಿ ಖರೀದಿಗಳಿಗೆ ಇರುವ ಕೆಟಿಪಿಪಿ ಕಾಯ್ದೆ 1999ರ ಪ್ರಕಾರ ಪೋರ್ಟಲ್‌ನಲ್ಲಿ ಹಾಕುತ್ತಾರೆ, ಎರಡು ಕವರ್: ಮೊದಲು ತಾಂತ್ರಿಕ ಬಿಡ್, ಅದರಲ್ಲಿ ಪಾಸಾದವರದ್ದು ಮಾತ್ರ ದರದ ಬಿಡ್. ಪಾಸಾದವರಲ್ಲಿ ಯಾರ ದರ ಕಡಿಮೆಯೋ ಅವರಿಗೆ ಕೆಲಸ. ಅಂದರೆ ಗುಣಮಟ್ಟದ ಬಗ್ಗೆ ಮಾತಾಡಲು ಇರುವ ಜಾಗ ಮೊದಲ ಕವರ್ ಒಂದೇ. ಅಲ್ಲಿ ಸ್ಪೆಸಿಫಿಕೇಶನ್ ಸುಮ್ಮನಿದ್ದರೆ ಎರಡನೇ ಕವರ್‌ನಲ್ಲಿ ಬೆಲೆ ಮಾತ್ರ ಮಾತಾಡುತ್ತದೆ.

ಆ ಒಂದು ಸಾಲು ಎಲ್ಲಿಂದ ಬಂತು? ಹಿಂದಿನ ವರ್ಷದ ಫೈಲಿನಿಂದ. ಅದಕ್ಕೆ ಅದರ ಹಿಂದಿನ ವರ್ಷದಿಂದ. ಬೋರುಗಳು ನಾನೂರು ಐನೂರು ಅಡಿ ಇದ್ದ ಕಾಲದಲ್ಲಿ ಯಾರೋ ಬರೆದಿಟ್ಟ ಮಾತು, ಆಗ ಅದು ನಡೆಯುತ್ತಿತ್ತು. ಎಚ್‌ಪಿ ಮಾತ್ರ ಏಳೂವರೆಯಿಂದ ಹತ್ತು, ಹತ್ತರಿಂದ ಹದಿನೈದು ಆಗುತ್ತಾ ಬಂದಿತ್ತು.

ಪೇಪರೆಲ್ಲ ಸರಿ, ನೀರಿಲ್ಲ

ಆ ವರ್ಷ ಕಡಿಮೆ ದರಕ್ಕೆ ಒಬ್ಬ ಸರಬರಾಜುದಾರನಿಗೆ ಕೆಲಸ ಹೋಯಿತು. ಪಂಪ್ ಬಂದವು. ಸ್ಟೋರಿನಲ್ಲಿ ಡಬ್ಬ ಬಿಚ್ಚಿ ನೋಡಿದರು. 15 ಎಚ್‌ಪಿ ಅಂತ ನೇಮ್‌ಪ್ಲೇಟ್ ಇದೆ, ಐಎಸ್‌ಐ ಮಾರ್ಕ್ ಇದೆ, ಗ್ಯಾರಂಟಿ ಕಾರ್ಡ್ ಇದೆ. ರಿಜಿಸ್ಟರ್‌ಗೆ ಏರಿಸಿದರು. ಬೇಸಿಗೆ ಮುಗಿಯುವುದರೊಳಗೆ ಮೋಟರ್‌ಗಳು ಒಂದರ ಹಿಂದೊಂದು ಸುಡತೊಡಗಿದವು. ಸುಡದೇ ಇದ್ದ ಕಡೆ ನೀರು ಬರುತ್ತಿರಲಿಲ್ಲ.

ಒಂದು ಹಳ್ಳಿಯಲ್ಲಿ ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಇಡೀ ಪ್ರಕರಣದ ಬೀಗದ ಕೈ ಅಲ್ಲೇ ಇದೆ. ಬೋರು 1,150 ಅಡಿ. ಪಂಪ್ ಇಳಿಸಿದ್ದು ಸಾವಿರ ಅಡಿಗೆ. ಅಲ್ಲಿಯ ನೀರುಗಂಟಿ ವಯಸ್ಸಾದವರು, ಆ ಬೋರು ಕೊರೆದ ದಿನದಿಂದ ನೋಡಿಕೊಂಡವರು. "ಸಾರ್, ಮೋಟ್ರು ಹೊಸ್ದೇ, ಸದ್ದೂ ಚೆನ್ನಾಗೈತೆ. ನೀರು ಮಾತ್ರ ಹಳೇ ಮೋಟ್ರಿನಷ್ಟೂ ಬರ್ತಿಲ್ಲ" ಅಂದರು. ಜೊತೆಗಿದ್ದ ಜೆಇ (ಜೂನಿಯರ್ ಎಂಜಿನಿಯರ್) "ಬೋರಲ್ಲೇ ನೀರು ಕಮ್ಮಿ ಆಗಿರ್ಬೇಕಣ್ಣ" ಅಂದರು. ನೀರುಗಂಟಿ ಒಪ್ಪಲಿಲ್ಲ. ಬೋರು ಬತ್ತಿದ್ದರೆ ನೀರು ಬಿಟ್ಟು ಬಿಟ್ಟು ಬರುತ್ತೆ, ಗಾಳಿ ಉಗುಳುತ್ತೆ, ಇದು ಒಂದೇ ಸಮ ಬರ್ತಿದೆ, ಸಣ್ಣಗೆ ಬರ್ತಿದೆ ಅಷ್ಟೇ ಅನ್ನುವುದು ಅವರ ವಾದ. ಸರಿಯಾದ ಮಾತು ಅದು.

ಪೈಪ್ ಬಾಯಿಗೆ 200 ಲೀಟರ್ ಡ್ರಮ್ ಇಟ್ಟು ಮೊಬೈಲಿನಲ್ಲಿ ಟೈಮ್ ನೋಡಿದರು. ಡ್ರಮ್ ತುಂಬಲು ನಾಲ್ಕು ನಿಮಿಷದ ಮೇಲಾಯಿತು. ಅಂದರೆ ಸೆಕೆಂಡಿಗೆ 0.8 ಲೀಟರ್ ಹತ್ತಿರ. ಆಮೇಲೆ ಸ್ಟೋರಿನಲ್ಲಿ ಉಳಿದಿದ್ದ ಅದೇ ಮಾದರಿಯ ಪಂಪಿನ ನೇಮ್‌ಪ್ಲೇಟನ್ನು ಪೂರ್ತಿ ಓದಿದರು. 15 ಎಚ್‌ಪಿ ಅನ್ನುವ ಅಕ್ಷರದ ಕೆಳಗೆ ಸಣ್ಣದಾಗಿ ಇತ್ತು: ಹೆಡ್ 180 ಮೀಟರ್, ಡಿಸ್ಚಾರ್ಜ್ 3.5 ಎಲ್‌ಪಿಎಸ್. ಹೆಡ್ ಅಂದರೆ ನೀರನ್ನು ಎತ್ತುವ ಎತ್ತರ, ಡಿಸ್ಚಾರ್ಜ್ ಅಂದರೆ ಹೊರಗೆ ಬರುವ ನೀರು, ಎಲ್‌ಪಿಎಸ್ ಅಂದರೆ ಸೆಕೆಂಡಿಗೆ ಇಷ್ಟು ಲೀಟರ್.

ಇಲ್ಲಿ ಲೆಕ್ಕ ಸ್ವಲ್ಪ ಬೇಕು. ನೀರನ್ನು ಎತ್ತಲು ಬೇಕಾದ ಶಕ್ತಿ, ಎಷ್ಟು ನೀರು ಮತ್ತು ಎಷ್ಟು ಎತ್ತರ ಅನ್ನುವ ಎರಡರ ಗುಣಾಕಾರ. 3.5 ಎಲ್‌ಪಿಎಸ್ ನೀರನ್ನು 180 ಮೀಟರ್ ಎತ್ತಿದರೂ 6 ಕಿಲೋವ್ಯಾಟ್ ಹತ್ತಿರ, 2 ಎಲ್‌ಪಿಎಸ್ ನೀರನ್ನು 300 ಮೀಟರ್ ಎತ್ತಿದರೂ 6 ಕಿಲೋವ್ಯಾಟ್ ಹತ್ತಿರ. ಪಂಪಿನ ದಕ್ಷತೆ ಐವತ್ತು ಐವತ್ತೈದು ಶೇಕಡಾ ಅಂತ ಹಿಡಿದರೆ ಎರಡಕ್ಕೂ 11 ಕಿಲೋವ್ಯಾಟ್, ಅಂದರೆ 15 ಎಚ್‌ಪಿ ಮೋಟರ್ ಬೇಕು. ಎರಡೂ 15 ಎಚ್‌ಪಿ ಪಂಪೇ. ಆದರೆ ಮೊದಲನೆಯದಕ್ಕೆ ಸ್ಟೇಜ್ (ಪಂಪಿನೊಳಗೆ ನೀರನ್ನು ಒಂದರ ಮೇಲೊಂದರಂತೆ ತಳ್ಳುವ ಹಂತ) ಕಡಿಮೆ ಸಾಕು, ಎರಡನೆಯದಕ್ಕೆ ಜಾಸ್ತಿ ಬೇಕು. ಒಂದೊಂದು ಸ್ಟೇಜಿಗೂ ಇಂಪೆಲ್ಲರ್, ಬೌಲ್, ಉದ್ದ ಶಾಫ್ಟ್, ಎಲ್ಲಾ ದುಡ್ಡು. ದರ ಕಡಿಮೆ ಇದ್ದವನು ಗೆಲ್ಲುವ ಟೆಂಡರ್‌ನಲ್ಲಿ ಎಚ್‌ಪಿ ಮಾತ್ರ ಹೇಳಿದರೆ ಕಡಿಮೆ ಸ್ಟೇಜಿನ ಪಂಪೇ ಗೆಲ್ಲುತ್ತದೆ. ಹೆಗಲ ಅಳತೆ ಕೊಡದೆ ಎರಡು ಮೀಟರ್ ಬಟ್ಟೇಲಿ ಷರ್ಟ್ ಹೊಲಿದುಕೊಡಪ್ಪ ಅಂದ ಹಾಗಾಯಿತು.

ಆ ಹಳ್ಳಿಯ ಬೋರಿನಲ್ಲಿ ಪಂಪ್ ಓಡುವಾಗ ನೀರಿನ ಮಟ್ಟ 790 ಅಡಿ, ಅಂದರೆ 240 ಮೀಟರ್. ಅದರ ಮೇಲೆ ಟ್ಯಾಂಕಿನ ಎತ್ತರ, ಪೈಪಿನ ಘರ್ಷಣೆ. 180 ಮೀಟರ್‌ಗೆ ಮಾಡಿದ ಪಂಪ್ 250 ಮೀಟರ್ ದಾಟಿ ತಳ್ಳಲು ಒದ್ದಾಡುತ್ತಿತ್ತು. ಅಂಥ ಕಡೆ ನೀರು ಸಣ್ಣಗಾಗುತ್ತದೆ. ಸಬ್‌ಮರ್ಸಿಬಲ್ ಮೋಟರ್ ತಣ್ಣಗಿರುವುದೇ ತನ್ನ ಮೈ ಸವರಿಕೊಂಡು ಹೋಗುವ ನೀರಿನಿಂದ. ನೀರಿನ ಓಟ ಕಡಿಮೆಯಾದರೆ ಕಾಯುತ್ತದೆ, ಕಾದು ಕಾದು ವೈಂಡಿಂಗ್ ಹೋಗುತ್ತದೆ.

ಇನ್ನೊಂದು ಕಾರಣ ಕೇಬಲ್. ಟೆಂಡರ್‌ನಲ್ಲಿ "ಸೂಕ್ತ ಅಳತೆಯ ಕೇಬಲ್" ಅಂತ ಇತ್ತು. ಬಂದದ್ದು 6 ಚದರ ಮಿಲಿಮೀಟರ್ ತಾಮ್ರದ್ದು. 15 ಎಚ್‌ಪಿ ಮೋಟರ್ 28 ಆಂಪಿಯರ್ ಹತ್ತಿರ ಎಳೆದರೆ ಸಾವಿರ ಅಡಿ ಉದ್ದಕ್ಕೆ ಈ ಕೇಬಲ್‌ನಲ್ಲೇ 40 ವೋಲ್ಟ್ ಕಳೆದುಹೋಗುತ್ತದೆ. 10 ಚದರ ಮಿಲಿಮೀಟರ್ ಹಾಕಿದ್ದರೆ 25 ವೋಲ್ಟ್ ಆಸುಪಾಸು. ಸುತ್ತಲಿನ ತೋಟಗಳ ಪಂಪ್‌ಗಳೆಲ್ಲ ಒಟ್ಟಿಗೆ ಚಾಲೂ ಆದ ಹೊತ್ತಲ್ಲಿ ಪ್ಯಾನಲ್ ಮೇಲೆ 350 ವೋಲ್ಟ್ ತೋರಿಸುತ್ತಿತ್ತು. 415 ವೋಲ್ಟ್‌ಗೆ ಮಾಡಿದ ಮೋಟರ್‌ಗೆ ಕೆಳಗೆ ಸಿಗುತ್ತಿದ್ದದ್ದು 310 ಅಥವಾ ಅದಕ್ಕೂ ಕಡಿಮೆ. ವೋಲ್ಟೇಜ್ ಇಳಿದರೆ ಕರೆಂಟ್ ಏರುತ್ತದೆ, ಕರೆಂಟ್ ಏರಿದರೆ ಕೇಬಲ್‌ನಲ್ಲಿ ಕಳೆದುಹೋಗುವುದು ಇನ್ನೂ ಜಾಸ್ತಿ.

ಸರಬರಾಜುದಾರನನ್ನು ಕರೆಸಿದರು. ಸಭೆಯಲ್ಲಿ ಎಲ್ಲರೂ ಬಿಸಿಯಾಗಿದ್ದರು. ಅವನು ಒಂದೇ ಮಾತು ಹೇಳಿದ. "ಸಾರ್, ತಾವು ಕೇಳಿದ್ದು 15 ಎಚ್‌ಪಿ. ನಾನು ಕೊಟ್ಟಿದ್ದು 15 ಎಚ್‌ಪಿ. ಎಷ್ಟು ಅಡಿಗೆ, ಎಷ್ಟು ನೀರು ಅಂತ ಎಲ್ಲಿ ಬರೆದಿದ್ದೀರಿ ತೋರಿಸಿ." ಯಾರೂ ತೋರಿಸಲಾಗಲಿಲ್ಲ. ಹೆಸರಾಂತ ಕಂಪನಿ ಅಲ್ಲ ಅನ್ನೋಣ ಅಂದರೆ ಅವನು ಹತ್ತು ಕಡೆ ಕೊಟ್ಟ ಪ್ರಮಾಣಪತ್ರ ಮುಂದಿಟ್ಟ. ಉತ್ತಮ ಗುಣಮಟ್ಟ ಅಲ್ಲ ಅನ್ನೋಣ ಅಂದರೆ ಐಎಸ್‌ಐ ಮಾರ್ಕ್ ಇದೆ. ಐಎಸ್ 8034 ಸಬ್‌ಮರ್ಸಿಬಲ್ ಪಂಪ್‌ಸೆಟ್‌ಗೆ, ಐಎಸ್ 9283 ಅದರ ಮೋಟರ್‌ಗೆ. ಆ ಮಾರ್ಕ್ ಇದ್ದರೆ ನೇಮ್‌ಪ್ಲೇಟ್ ಮೇಲೆ ಬರೆದಿರುವ ಕೆಲಸ ಅದು ಮಾಡಬೇಕು ಅಂತ ಅರ್ಥ, ನಿಮ್ಮ ಬೋರಿಗೆ ಹೊಂದುತ್ತದೆ ಅಂತಲ್ಲ. ಅವನದು ಮೋಸ ಅಂತ ಹೇಳಲು ನನಗೂ ಆಗುವುದಿಲ್ಲ. ಕೇಳಿದ್ದನ್ನು ಅತಿ ಕಡಿಮೆ ಖರ್ಚಲ್ಲಿ ಕೊಟ್ಟಿದ್ದ, ಟೆಂಡರ್ ಕೇಳುವುದೂ ಅದನ್ನೇ ಅಲ್ವಾ?

ಗ್ಯಾರಂಟಿ ಪ್ರಕಾರ ಸುಟ್ಟ ಮೋಟರ್ ಬದಲಿಸಿಕೊಡಲು ಅವನು ಒಪ್ಪಿದ. ಆದರೆ ಸಾವಿರ ಅಡಿಯಿಂದ ಐವತ್ತು ಪೈಪ್ ಬಿಚ್ಚುತ್ತಾ ಪಂಪ್ ಎತ್ತಿ ಮತ್ತೆ ಇಳಿಸುವ ಖರ್ಚು ಯಾರದು? ಗ್ಯಾರಂಟಿ ಕಾರ್ಡ್‌ನಲ್ಲಿ "ಕಂಪನಿ ಬಾಗಿಲಿಗೆ ತಂದುಕೊಟ್ಟರೆ" ಅಂತ ಇತ್ತು. ಎತ್ತುವ ಗಾಡಿ, ಆಳು, ಆ ದಿನಗಳ ಟ್ಯಾಂಕರ್ ನೀರು, ಎಲ್ಲಾ ಪಂಚಾಯತಿ ತಲೆ ಮೇಲೆ ಬಂತು.

ಮೊದಲ ಪ್ರಯತ್ನ: ಕ್ಯಾಟಲಾಗ್ ಇಳಿಸಿದರು

ಇಂಥ ಪೆಟ್ಟು ತಿಂದ ಮೇಲೆ ಯಾವ ಕಚೇರಿಗಾದರೂ ಬರುವ ಮೊದಲ ಯೋಚನೆ, ಒಳ್ಳೆ ಕಂಪನಿ ಹೆಸರನ್ನೇ ಹಾಕಿಬಿಡೋಣ ಅನ್ನುವುದು. ಹಿಂದೆ ಒಂದು ಕಂಪನಿಯ ಪಂಪ್ ಅದೇ ತಾಲ್ಲೂಕಿನಲ್ಲಿ ಚೆನ್ನಾಗಿ ಓಡಿತ್ತು. ಹೆಸರು ಹಾಕುವಂತಿಲ್ಲ ಅಂತ ಎಲ್ಲರಿಗೂ ಗೊತ್ತು. ಅದಕ್ಕೆ ಹೆಸರು ಬಿಟ್ಟು ಆ ಕಂಪನಿಯ ಕ್ಯಾಟಲಾಗ್ ಪುಟವನ್ನೇ ಹೊಸ ಟೆಂಡರ್‌ಗೆ ಇಳಿಸಿದರು. 34 ಸ್ಟೇಜ್, ಹೊರ ವ್ಯಾಸ ಮಿಲಿಮೀಟರ್‌ನಲ್ಲಿ, ಪಂಪಿನ ಉದ್ದ ಮಿಲಿಮೀಟರ್‌ನಲ್ಲಿ, ಶಾಫ್ಟ್ ಇಂಥದೇ ದರ್ಜೆಯ ಸ್ಟೀಲು, ಕೊನೆಗೆ ಪೇಂಟಿನ ಬಣ್ಣ ಕೂಡ.

ಇದನ್ನು ಬರೆದವರ ಉದ್ದೇಶ ಕೆಟ್ಟದಿರಲಿಲ್ಲ, ಇದನ್ನು ಒತ್ತಿ ಹೇಳಬೇಕು. ಹೊರಗಿನಿಂದ ನೋಡುವವರಿಗೆ ಇದು ಒಬ್ಬನಿಗಾಗಿ ಹೊಲಿದ ಟೆಂಡರ್ ಥರ ಕಾಣುತ್ತದೆ, ಕೆಲವು ಕಡೆ ಅದು ನಿಜವೂ ಆಗಿರುತ್ತದೆ. ಇಲ್ಲಿ ಅದು ಸುಟ್ಟ ಮೋಟರ್‌ಗಳ ಭಯದಿಂದ ಹುಟ್ಟಿದ್ದು. ಆದರೆ ಫಲಿತಾಂಶ ಎರಡಕ್ಕೂ ಒಂದೇ.

ಪ್ರಿ-ಬಿಡ್ ಸಭೆಯಲ್ಲಿ, ಅಂದರೆ ಬಿಡ್ ಹಾಕುವ ಮೊದಲು ಪ್ರಶ್ನೆ ಕೇಳುವ ಸಭೆಯಲ್ಲಿ, ಬೇರೆ ಸರಬರಾಜುದಾರರು ಬಂದು ಕುಳಿತರು. ಒಬ್ಬರು ಲಿಖಿತವಾಗಿ ಕೇಳಿದರು: 34 ಸ್ಟೇಜೇ ಯಾಕೆ? ನಮ್ಮದು 30 ಸ್ಟೇಜ್‌ನಲ್ಲಿ ಅಷ್ಟೇ ಎತ್ತರಕ್ಕೆ ಅಷ್ಟೇ ನೀರು ಕೊಡುತ್ತದೆ, ಅದು ಯಾಕೆ ಆಗುವುದಿಲ್ಲ? ಇನ್ನೊಬ್ಬರು: ಉದ್ದ ಇಷ್ಟೇ ಇರಬೇಕು ಅನ್ನಲು ಕಾರಣ ಏನು? ವ್ಯಾಸಕ್ಕೆ ಕಾರಣ ಇದೆ, ಬೋರು ಆರೂವರೆ ಇಂಚು, ಅದರೊಳಗೆ ಇಳಿಯಬೇಕು. ಉದ್ದಕ್ಕೆ ಏನೂ ಇರಲಿಲ್ಲ. ಸ್ಟೇಜಿಗೂ ಇರಲಿಲ್ಲ. ಮೇಜಿನ ಈ ಕಡೆ ಕುಳಿತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಲ್ಲಿ ಎರಡು ದಾರಿ ಇತ್ತು. ಕಾರಿಜೆಂಡಮ್ (ತಿದ್ದುಪಡಿ ಪ್ರಕಟಣೆ) ಹಾಕಿ ಆ ಸಾಲುಗಳನ್ನು ಸಡಿಲ ಮಾಡಿ ಅದೇ ಟೆಂಡರ್ ಮುಂದುವರಿಸುವುದು ಒಂದು. ಬೇಸಿಗೆ ಹತ್ತಿರ ಬರುತ್ತಿತ್ತು, ಹಾಗಾಗಿ ಹೆಚ್ಚಿನವರು ಅದನ್ನೇ ಬಯಸಿದರು. ಟೆಂಡರನ್ನೇ ಹಿಂದಕ್ಕೆ ಪಡೆದು ಹೊಸದಾಗಿ ಬರೆಯುವುದು ಇನ್ನೊಂದು. ಮೇಲಿನ ಅಧಿಕಾರಿ ಎರಡನೆಯದನ್ನು ಆರಿಸಿದರು. ಅವರ ಕಾರಣ ಸರಳ: ಆ ಸಾಲುಗಳನ್ನು ತೆಗೆದರೆ ಉಳಿಯುವುದು ಮತ್ತೆ "15 ಎಚ್‌ಪಿ" ಒಂದೇ. ಕಷ್ಟದ ನಿರ್ಧಾರ ಅದು. ತುರ್ತಿಗೆ ಹಳೇ ಮೋಟರ್‌ಗಳನ್ನು ರಿವೈಂಡಿಂಗ್ ಮಾಡಿಸಿ ತಳ್ಳಬೇಕಾಯಿತು, ಕೆಲವು ಹಳ್ಳಿಗಳು ವಾರಗಟ್ಟಲೆ ಟ್ಯಾಂಕರ್ ನೀರು ಕುಡಿದವು. ಆದರೂ ಅದೇ ಸರಿ ಅಂತ ನನ್ನ ಅಭಿಪ್ರಾಯ.

ಎರಡನೇ ಸಲ ಬರೆದದ್ದು ಹೇಗೆ

ಹೊಸ ದಾಖಲೆ ಕಚೇರಿಯಲ್ಲಿ ಶುರುವಾಗಲಿಲ್ಲ, ಬೋರುಗಳ ಪಟ್ಟಿಯಿಂದ ಶುರುವಾಯಿತು. ಪ್ರತಿ ಬೋರಿಗೂ ಆಳ, ಪಂಪ್ ಇಳಿಸಿರುವ ಮಟ್ಟ, ಪಂಪ್ ಓಡುವಾಗ ನೀರಿನ ಮಟ್ಟ, ಇಳುವರಿ, ಟ್ಯಾಂಕಿನ ಎತ್ತರ, ಬೆಳಗಿನ ಜಾವ ಮತ್ತು ಸಂಜೆ ಪ್ಯಾನಲ್‌ನಲ್ಲಿರುವ ವೋಲ್ಟೇಜ್. ಕಚೇರಿಯ ರಿಜಿಸ್ಟರ್‌ನಲ್ಲಿ ಬೋರು ಕೊರೆದ ದಿನದ ಆಳ ಮಾತ್ರ ಇತ್ತು. ಉಳಿದದ್ದೆಲ್ಲ ನೀರುಗಂಟಿಗಳ ತಲೆಯಲ್ಲಿತ್ತು. ಎಷ್ಟು ಪೈಪ್ ಇಳಿದಿದೆ, ಎಷ್ಟು ಹೊತ್ತು ಓಡಿಸಿದರೆ ಗಾಳಿ ಬರುತ್ತದೆ, ಯಾವ ಹೊತ್ತಲ್ಲಿ ಸ್ಟಾರ್ಟರ್ ಟ್ರಿಪ್ ಆಗುತ್ತದೆ, ಇದನ್ನೆಲ್ಲ ಅವರು ಬೆರಳ ತುದಿಯಲ್ಲಿ ಹೇಳಿದರು. ಇಪ್ಪತ್ತು ಅಡಿಯ ಪೈಪ್ ಎಣಿಸಿದರೆ ಆಳ ಸಿಕ್ಕಿತು, ಇಳುವರಿಗೆ ಡ್ರಮ್ ಮತ್ತು ಗಡಿಯಾರ ಸಾಕಾಯಿತು.

ಪಟ್ಟಿ ಮುಂದಿಟ್ಟುಕೊಂಡರೆ ಒಂದು ವಿಷಯ ಎದ್ದು ಕಂಡಿತು. ಇಡೀ ತಾಲ್ಲೂಕಿಗೆ ಒಂದೇ ಪಂಪ್ ಅನ್ನುವುದೇ ತಪ್ಪು. ಬೋರುಗಳು ಮೂರು ಗುಂಪಾಗಿ ಬಿದ್ದವು: 180 ಮೀಟರ್ ಹೆಡ್‌ಗೆ 2.5 ಎಲ್‌ಪಿಎಸ್ ಸಾಕಾದವು, 250 ಮೀಟರ್‌ಗೆ 2 ಎಲ್‌ಪಿಎಸ್, 310 ಮೀಟರ್‌ಗೆ 1.5 ಎಲ್‌ಪಿಎಸ್. ಮೂರಕ್ಕೂ ಲೆಕ್ಕ ಹಾಕಿದರೆ ಹೆಚ್ಚಿನ ಕಡೆ ಹನ್ನೆರಡೂವರೆ ಎಚ್‌ಪಿಯೇ ಸಾಕು! ಇಷ್ಟು ವರ್ಷ ಎಚ್‌ಪಿ ಏರಿಸುತ್ತಾ ಹೋದದ್ದು ತಪ್ಪು ಸ್ಟೇಜಿನ ಪಂಪಿಗೆ ಮದ್ದು ಅಂತ.

ಹೆಡ್ ಅನ್ನು ಎಲ್ಲಿಂದ ಅಳೆಯಬೇಕು ಅನ್ನುವ ಬಗ್ಗೆ ವಾದ ಆಯಿತು. ಪಂಪ್ ಓಡುವಾಗಿನ ನೀರಿನ ಮಟ್ಟದಿಂದ ಅಳೆದರೆ ಇವತ್ತಿಗೆ ನಿಖರ. ಪಂಪ್ ಇಳಿಸಿದ ಮಟ್ಟದಿಂದಲೇ ಅಳೆದರೆ ಏಪ್ರಿಲ್‌ನಲ್ಲಿ ನೀರು ಇಳಿದರೂ ಪಂಪ್ ತಳ್ಳುತ್ತದೆ, ಆದರೆ ಮಳೆಗಾಲದಲ್ಲಿ ನೀರು ಮೇಲಿದ್ದಾಗ ಬೋರು ಕೊಡುವುದಕ್ಕಿಂತ ಜಾಸ್ತಿ ಎಳೆದು ಡ್ರೈ ಆಗಬಹುದು. ಕೊನೆಗೆ ಹೆಡ್‌ಗೆ ಎರಡರ ನಡುವಿನ ಮಟ್ಟ ಹಿಡಿದು, ಪ್ಯಾನಲ್‌ನಲ್ಲಿ ಡ್ರೈ ರನ್ ತಡೆ (ನೀರಿಲ್ಲದೆ ಪಂಪ್ ಓಡದಂತೆ) ಮತ್ತು ಸಿಂಗಲ್ ಫೇಸ್ ತಡೆ (ಒಂದು ಫೇಸ್ ಹೋದಾಗ ಮೋಟರ್ ಓಡದಂತೆ) ಕಡ್ಡಾಯ ಮಾಡಿದರು.

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಹೆಜ್ಜೆ ಇದರ ನಂತರದ್ದು. ಕರಡಿನ ಪ್ರತಿ ಸಾಲಿನ ಪಕ್ಕದಲ್ಲಿ ಒಂದು ಕಾಲಂ ಹಾಕಿದರು: ಇದನ್ನು ಯಾರು, ಎಲ್ಲಿ, ಯಾವುದರಿಂದ ಪರೀಕ್ಷಿಸುತ್ತಾರೆ? ಆ ಕಾಲಂ ತುಂಬಲಾಗದ ಸಾಲು ಹೊರಗೆ. ಹೆಸರಾಂತ ಕಂಪನಿ, ಹೊರಗೆ. ಉತ್ತಮ ಗುಣಮಟ್ಟ, ಹೊರಗೆ. ಇತ್ತೀಚಿನ ತಂತ್ರಜ್ಞಾನ ಅಂತ ಯಾರೋ ಸೇರಿಸಿದ್ದರು, ಅದೂ ಹೊರಗೆ. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು 2017ರಲ್ಲಿ ವಿವರಣೆ ವಸ್ತುನಿಷ್ಠವಾಗಿ, ಅಳೆಯುವಂತೆ, ವಸ್ತುವಿನ ಕೆಲಸವನ್ನು ಹೇಳುವಂತೆ ಇರಬೇಕು, ಬ್ರಾಂಡ್ ಸೂಚಿಸಬಾರದು ಅನ್ನುವ ಮಾತಿದೆ. ಓದಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಆದರೆ ಅಳೆಯುವಂತೆ ಇರಬೇಕು ಅನ್ನುವುದು ಕೈಗೆ ಸಿಕ್ಕಿದ್ದು ಈ ಕಾಲಂ ಹಾಕಿದ ಮೇಲೆ.

ಉದಾಹರಣೆಗೆ ಮೂರನೇ ಗುಂಪಿನ ಸಾಲು ಕೊನೆಗೆ ಹೀಗಾಯಿತು: "310 ಮೀಟರ್ ಒಟ್ಟು ಹೆಡ್‌ನಲ್ಲಿ 1.5 ಎಲ್‌ಪಿಎಸ್‌ಗೆ ಕಡಿಮೆಯಿಲ್ಲದ ಡಿಸ್ಚಾರ್ಜ್. ಆ ಬಿಂದುವಿನಲ್ಲಿ ಮೋಟರ್ ಎಳೆಯುವ ವಿದ್ಯುತ್ ನಮೂದಿಸಿದ ಕಿಲೋವ್ಯಾಟ್ ಮೀರಬಾರದು. ಆರೂವರೆ ಇಂಚಿನ ಬೋರಿನಲ್ಲಿ ಇಳಿಯಬೇಕು. ಮೋಟರ್ 15 ಎಚ್‌ಪಿ ಮೀರಬಾರದು." ಪಕ್ಕದ ಕಾಲಂನಲ್ಲಿ: ಬಿಡ್ ಜೊತೆ ಪಂಪಿನ ಕರ್ವ್ (ಯಾವ ಹೆಡ್‌ಗೆ ಎಷ್ಟು ನೀರು ಅಂತ ತೋರಿಸುವ ಗ್ರಾಫ್), ಸರಕು ಬಂದಾಗ ಕಚೇರಿಯವರೇ ಆರಿಸಿದ ಮಾದರಿಗಳನ್ನು ಮಾನ್ಯತೆ ಇರುವ ಪ್ರಯೋಗಾಲಯದಲ್ಲಿ ಐಎಸ್ 8034ರ ವಿಧಾನದಲ್ಲಿ ಪರೀಕ್ಷೆ, ಬೋರಿನ ಬಳಿ ಡ್ರಮ್ ಮತ್ತು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್. ಎಚ್‌ಪಿ ಕೇಳುವ ಸಾಲು ಹೋಗಿ, ಮೀರಬಾರದ ಮಿತಿಯಾಗಿ ಮಾತ್ರ ಉಳಿಯಿತು, ಅದೂ ಪ್ಯಾನಲ್ ಮತ್ತು ಟ್ರಾನ್ಸ್‌ಫಾರ್ಮರ್ ಸಾಮರ್ಥ್ಯದ ಕಾರಣಕ್ಕೆ. ಸ್ಟೇಜ್ ಎಷ್ಟು, ಉದ್ದ ಎಷ್ಟು ಅನ್ನುವುದು ಬಿಡ್ ಹಾಕುವವನ ತಲೆನೋವು.

ಕೇಬಲ್‌ಗೂ ಹೀಗೇ. "ಸೂಕ್ತ ಅಳತೆ" ಅನ್ನುವ ಬದಲು "ಐಎಸ್ 694, ತಾಮ್ರ, ಪೂರ್ತಿ ಉದ್ದಕ್ಕೆ ವೋಲ್ಟೇಜ್ ಇಳಿಕೆ ಇಷ್ಟು ವೋಲ್ಟ್ ಮೀರದಂತೆ, ಯಾವ ಗುಂಪಿಗೂ ಇದಕ್ಕಿಂತ ಸಣ್ಣ ಅಳತೆ ಇಲ್ಲ" ಅಂತ ಬರೆದರು. ವೋಲ್ಟೇಜ್ ಬಗ್ಗೆ, ಪ್ಯಾನಲ್‌ನಲ್ಲಿ 350 ಇದ್ದಾಗಲೂ ಪಂಪ್ ಸ್ಟಾರ್ಟ್ ಆಗಿ ಓಡಬೇಕು ಅಂತ.

ಗ್ಯಾರಂಟಿಯಲ್ಲಿ ಎತ್ತುವ, ಸಾಗಿಸುವ, ಮತ್ತೆ ಇಳಿಸುವ ಖರ್ಚು ಸರಬರಾಜುದಾರನದು ಅಂತ ಸೇರಿತು. ಈ ಒಂದು ಷರತ್ತಿನಿಂದ ದರ ಏರುತ್ತದೆ ಅಂತ ಹೆದರಿಕೆ ಇತ್ತು. ಏರಿತು ಕೂಡ. ಆದರೆ ಪಂಪ್ ಸುಟ್ಟರೆ ತನ್ನ ಜೇಬಿಗೇ ಕತ್ತರಿ ಅಂತ ಗೊತ್ತಿರುವವನು ಬೋರಿಗೆ ಹೊಂದದ ಪಂಪ್ ಕೊಡಲು ಎರಡು ಸಲ ಯೋಚಿಸುತ್ತಾನೆ.

ಒಂದು ಸಲಹೆಯನ್ನು ಕೈಬಿಟ್ಟರು, ಅದರ ಬಗ್ಗೆ ನನಗೆ ಈಗಲೂ ಪೂರ್ತಿ ಒಪ್ಪಿಗೆ ಇಲ್ಲ. ಪಂಪಿನ ಬೆಲೆಯ ಜೊತೆಗೆ ಕೆಲವು ವರ್ಷದ ಕರೆಂಟ್ ಖರ್ಚನ್ನೂ ಕೂಡಿಸಿ ಯಾರು ಅಗ್ಗ ಅಂತ ನೋಡೋಣ ಅನ್ನುವ ಸಲಹೆ ಅದು. ಒಂದು ಕಿಲೋವ್ಯಾಟ್ ಕಡಿಮೆ ಎಳೆಯುವ ಪಂಪ್ ದಿನಕ್ಕೆ ಹತ್ತು ಗಂಟೆ ಓಡಿದರೆ ವರ್ಷಕ್ಕೆ 3,650 ಯೂನಿಟ್ ಉಳಿಯುತ್ತದೆ, ಚಿಕ್ಕ ಮಾತಲ್ಲ. ಆದರೆ ಆ ಸೂತ್ರವನ್ನು ಪ್ರಶ್ನಿಸಿ ಯಾರಾದರೂ ಮೇಲ್ಮನವಿ ಹಾಕಿದರೆ ಸಮರ್ಥಿಸಲು ಕಚೇರಿಯಲ್ಲಿ ಯಾರೂ ಧೈರ್ಯ ತೋರಲಿಲ್ಲ. ಹಾಗಾಗಿ ಕಿಲೋವ್ಯಾಟ್‌ಗೆ ಮೇಲ್ಮಿತಿ ಹಾಕಿ ನಿಲ್ಲಿಸಿದರು. ಅರ್ಧ ಲಾಭವಾದರೂ ಬಂತು.

ಆಮೇಲೆ ಆದದ್ದು

ಈ ಸಲ ಪ್ರಿ-ಬಿಡ್‌ನಲ್ಲಿ ಪ್ರಶ್ನೆಗಳು ಬಂದವು, ಪ್ರತಿಯೊಂದಕ್ಕೂ ಉತ್ತರ ಇತ್ತು. 310 ಮೀಟರ್ ಯಾಕೆ ಅಂದರೆ ಬೋರಿನ ಪಟ್ಟಿ ತೋರಿಸಿದರು. ಪರೀಕ್ಷೆಯ ಖರ್ಚು ಯಾರದು ಅನ್ನುವುದು ಬಿಸಿ ಚರ್ಚೆ ಆಯಿತು. ಪಾಸಾದರೆ ಕಚೇರಿ, ಫೇಲಾದರೆ ಸರಬರಾಜುದಾರ ಅಂತ ಕಾರಿಜೆಂಡಮ್‌ನಲ್ಲಿ ಸೇರಿಸಿದರು. ಅದು ನ್ಯಾಯವಾದ ಪ್ರಶ್ನೆ, ಕರಡಿನಲ್ಲಿ ಬಿಟ್ಟುಹೋಗಿತ್ತು.

ತಾಂತ್ರಿಕ ಬಿಡ್‌ನಲ್ಲಿ ಒಬ್ಬರ ಕರ್ವ್ 310 ಮೀಟರ್‌ಗೆ ಬಂದಾಗ 1.5 ಎಲ್‌ಪಿಎಸ್‌ಗಿಂತ ಕೆಳಗೆ ಬೀಳುತ್ತಿತ್ತು. ತಿರಸ್ಕರಿಸಿದರು. ಅವರು ಮೇಲ್ಮನವಿ ಹಾಕುತ್ತೇವೆ ಅಂತ ಪತ್ರ ಬರೆದರು. ಮೊದಲಾಗಿದ್ದರೆ ಇಂಥ ಪತ್ರಕ್ಕೆ ಕಚೇರಿ ನಡುಗುತ್ತಿತ್ತು. ಈ ಸಲ ಅವರೇ ಕೊಟ್ಟ ಕರ್ವ್ ಮೇಲೆ ಪೆನ್ಸಿಲ್‌ನಲ್ಲಿ ಎರಡು ಗೆರೆ ಎಳೆದು, ಗೆರೆ ಸೇರಿದ ಜಾಗ ತೋರಿಸಿ ಉತ್ತರ ಕಳಿಸಿದರು. ಮೇಲ್ಮನವಿ ಬರಲಿಲ್ಲ.

ಗೆದ್ದವರ ಸರಕಿನಲ್ಲೂ ಒಂದು ಗುಂಪಿನ ಮಾದರಿ ಪರೀಕ್ಷೆಯಲ್ಲಿ ಸೋತಿತು. ಡಿಸ್ಚಾರ್ಜ್ ಕಡಿಮೆ ಬಂತು, ಟಾಲರೆನ್ಸ್ (ಒಪ್ಪಬಹುದಾದ ವ್ಯತ್ಯಾಸ) ಒಳಗೂ ಇರಲಿಲ್ಲ. ಆ ಗುಂಪನ್ನು ವಾಪಸ್ ಕಳಿಸಿದರು. ಬೇಸಿಗೆಯ ನಡುವೆ ಲಾರಿಗೆ ಹೇರಿ ಪಂಪ್ ವಾಪಸ್ ಕಳಿಸುವುದೆಂದರೆ ಸುಮ್ಮನೆ ಮಾತಲ್ಲ. ಹಳ್ಳಿಗಳಿಂದ ಒತ್ತಡ, ಜನಪ್ರತಿನಿಧಿಗಳಿಂದ ಫೋನು, "ಇರೋದನ್ನ ಇಳಿಸಿ ಸ್ವಾಮಿ, ನೀರು ಬಂದ್ರೆ ಸಾಕು" ಅನ್ನುವ ಮಾತು. ಜೆಇ ಜಗ್ಗಲಿಲ್ಲ. ಹಿಂದಿನ ಬೇಸಿಗೆಯ ಸುಟ್ಟ ಮೋಟರ್‌ಗಳ ಪಟ್ಟಿ ಅವರ ಮೇಜಿನ ಮೇಲಿತ್ತು, ಫೋನ್ ಮಾಡಿದವರಿಗೆಲ್ಲ ಅದನ್ನೇ ಓದಿ ಹೇಳಿದರು. ಬದಲಿ ಸರಕು ಬಂತು, ಪಾಸಾಯಿತು.

ಸುಡುವುದು ಪೂರ್ತಿ ನಿಂತಿತು ಅಂತ ನಾನು ಹೇಳುವುದಿಲ್ಲ. ಸಿಡಿಲಿಗೆ ಹೋದವು ಇವೆ, ಡ್ರೈ ರನ್ ತಡೆಯ ವೈರನ್ನು ಯಾರೋ ಕಿತ್ತು ನೇರ ಕೊಟ್ಟಿದ್ದರಿಂದ ಹೋದವು ಇವೆ. ಆದರೆ ಹೆಡ್ ಸಾಲದೆ, ಕೇಬಲ್ ಸಣ್ಣದಾಗಿ ಸುಟ್ಟದ್ದು ಆ ಸಲ ಕಾಣಲಿಲ್ಲ. ದರ ಜಾಸ್ತಿಯಾಯಿತು ಅಂತ ಲೆಕ್ಕ ವಿಭಾಗದಿಂದ ಆಕ್ಷೇಪ ಬಂದಾಗ ರಿವೈಂಡಿಂಗ್ ಬಿಲ್ಲು, ಎತ್ತಿ ಇಳಿಸಿದ ಬಿಲ್ಲು, ಟ್ಯಾಂಕರ್ ಬಿಲ್ಲು ಮೂರನ್ನೂ ಜೋಡಿಸಿ ಫೈಲಿಗೆ ಹಾಕಿದರು. ಇಂಥ ಬಿಲ್ಲುಗಳು ಬೇರೆ ಬೇರೆ ಫೈಲಿನಲ್ಲಿ ಇರುವವರೆಗೆ ಅಗ್ಗದ ಪಂಪ್ ಅಗ್ಗವಾಗಿಯೇ ಕಾಣುತ್ತದೆ.

ಮುಂದಿನ ವರ್ಷ ಬೇರೊಂದು ತೊಡಕು. ಮಳೆ ಕೈಕೊಟ್ಟಿತು, ನೀರಿನ ಮಟ್ಟ ಇನ್ನೂ ಇಳಿಯಿತು, ಎರಡನೇ ಗುಂಪಿನ ಕೆಲವು ಬೋರುಗಳು ಮೂರನೇ ಗುಂಪಿಗೆ ಜಾರಿದವು. 250 ಮೀಟರ್‌ನ ಪಂಪ್ ಅಲ್ಲಿ ಮತ್ತೆ ಒದ್ದಾಡತೊಡಗಿತು. ಹೊಸ ಟೆಂಡರ್‌ಗೆ ಹಿಂದಿನ ವರ್ಷದ ದಾಖಲೆಯನ್ನು ಹಾಗೇ ಎತ್ತಿ ಹಾಕುವ ತಯಾರಿ ಆಗಲೇ ನಡೆದಿತ್ತು. ಈ ಸಲ ಬರೆದದ್ದು ಚೆನ್ನಾಗಿದೆ, ಅಲ್ವಾ, ಮತ್ಯಾಕೆ ಮುಟ್ಟೋದು ಅನ್ನುವ ವಾದ. ಚೆನ್ನಾಗಿದ್ದದ್ದು ವಿಧಾನ, 250 ಅನ್ನುವ ಅಂಕಿಯಲ್ಲ ಅಂತ ಕೂತು ತಿಳಿಸಬೇಕಾಯಿತು.

ಈಗ ಆ ಕಚೇರಿಯ ಟೆಂಡರ್ ಫೈಲಿನಲ್ಲಿ ಮೊದಲ ಹಾಳೆ ಬೋರಿನ ಪಟ್ಟಿ. ಜನವರಿಯಲ್ಲಿ ನೀರುಗಂಟಿಗಳಿಂದ ಹೊಸ ಅಳತೆ ತರಿಸಿಕೊಂಡು, ದಿನಾಂಕ ಹಾಕಿ, ಅವರ ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಂಡ ಮೇಲೆಯೇ ಸ್ಪೆಸಿಫಿಕೇಶನ್ ಬರೆಯಲು ಶುರು ಮಾಡುತ್ತಾರೆ. ಪರೀಕ್ಷೆಯ ಕಾಲಂ ಬೀದಿ ದೀಪದ ಟೆಂಡರ್‌ಗೂ ಹೋಗಿದೆ. ಅಲ್ಲಿ "ಹೆಚ್ಚು ಬೆಳಕು ಕೊಡುವ ಎಲ್‌ಇಡಿ" ಅಂತ ಇದ್ದ ಸಾಲಿನ ಪಕ್ಕ ಏನು ಬರೆಯಬೇಕು ಅಂತ ಕೇಳಲು ಅವರು ಮೊನ್ನೆ ಫೋನ್ ಮಾಡಿದ್ದರು. ಬೆಳಕು ಅಳೆಯುವ ಲಕ್ಸ್ ಮೀಟರ್ ಇದೆಯಾ ಕೇಳಿದೆ. ಇಲ್ಲ ಅಂದರು. ಮೊದಲು ಒಂದು ತರಿಸಿ, ಕಂಬದ ಕೆಳಗೆ ಮತ್ತು ಎರಡು ಕಂಬದ ನಡುವೆ ಅಳೆದು ನೋಡಿ, ಆಮೇಲೆ ಸಾಲು ಬರೆಯೋಣ ಅಂತ ಹೇಳಿದ್ದೇನೆ.